ಭೀಮರಾಯನಗುಡಿಯ ಬಣ್ಣ ಹಚ್ಚದ ಜೀಪು

ಯಾದಗಿರಿಯಲ್ಲಿ ಭೀಮಾ ನದಿಯನ್ನು ದಾಟಿ ಶಹಾಪುರದತ್ತ ಸಾಗುವ ಪ್ರವಾಸಿಗನನ್ನು ಬಂಡೆಗಲ್ಲಿನ ಗುಡ್ಡಗಳು ಎದುರುಗೊಳ್ಳುತ್ತವೆ. ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟವನ್ನು ಕಾಣಲೆಂದೇ ದೂರದಿಂದ ಬರುವವರುಂಟು. ಸುರಪುರದಲ್ಲಿ ಮೆಡೋಸ್ ಟೇಲರ್ ಸಾಹೇಬನು ವಾಸವಾಗಿದ್ದ ಬಂಗಲೆಯನ್ನು ಹುಡುಕಿಕೊಂಡು ಹೋಗುವವರೂ ಉಂಟು. ಆದರೆ ಶಹಾಪುರಕ್ಕೆ ಸಮೀಪದಲ್ಲೇ ಇರುವ ಭೀಮರಾಯನಗುಡಿಯನ್ನು ನೋಡಲೆಂದು ಬರುವವರು ವಿರಳ. ಕಚೇರಿಯ ಕೆಲಸವಿದ್ದವರು ಬರುತ್ತಾರೆ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಇಂಥ ಊರಿನಲ್ಲಿ ನೋಡತಕ್ಕ ವಸ್ತುವೊಂದಿದೆ ಎಂದರೆ ಓದುಗ ಬಂಧುಗಳಿಗೆ ಆಶ್ಚರ್ಯವಾದೀತು.

ಈ ಊರು ಇಂದಿನ ರೂಪ ತಾಳಿದ್ದು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡು ಬಸವಸಾಗರವೆಂಬ ಪವಿತ್ರ ನಾಮವನ್ನು ಪಡೆಯಿತು. ಅದರ ಎಡದಂಡೆಯ ಕಾಲುವೆಗಳು ಬರಗಾಲದ ಈ ಸೀಮೆಗೆ ನೀರು ತಂದವು. ಕಾಲುವೆ ಅಗೆಯುವವರಿಗೆ, ಅಳೆಯುವವರಿಗೆ, ಲೆಕ್ಕ ಬರೆಯುವವರಿಗೆ ವಸತಿಗಳು ಎದ್ದವು. ಜನರ ಬಾಯಲ್ಲಿ ಊರು ‘ಕ್ಯಾಂಪು’ ಆಯಿತು. ಇಂದು ಕಾಡಾ ಕಚೇರಿಯೂ ಕೃಷಿ ಮಹಾವಿದ್ಯಾಲಯವೂ ಇಲ್ಲಿವೆ.

ರಸ್ತೆಯಿಲ್ಲದ ಎರೆಭೂಮಿಯಲ್ಲಿ ಇಂಜಿನಿಯರರನ್ನು ಹೊತ್ತು ತಿರುಗಿದ ವಾಹನವೆಂದರೆ ಜೀಪು. ಅದು ಮೂಲತಃ ಅಮೆರಿಕದ ಒಹಾಯೋ ಪ್ರಾಂತದ ಟೊಲೆಡೊ ನಗರದ ವಿಲ್ಲೀಸ್ ಕಂಪನಿಯ ಕೂಸು. 1949ರಲ್ಲಿ ಮುಂಬಯಿಯ ಮಜಗಾಂವದಲ್ಲಿ ಮಹೀಂದ್ರ ಕಂಪನಿಯವರು ಅದನ್ನು ಜೋಡಿಸತೊಡಗಿದರು. ಕ್ಯಾಂಪಿನಲ್ಲಿ ದುಡಿದ ಜೀಪುಗಳು ಸವೆದು ಗುಜರಿ ಸೇರಿದವು. ಆದರೆ ನೀರಾವರಿ ಕಾರ್ಯಾಗಾರದಲ್ಲಿ ಮೆಕ್ಯಾನಿಕರಾಗಿದ್ದು ನಿವೃತ್ತರಾದ ನಮ್ಮ ಸಂಬಂಧಿಕ ಹಿರಿಯರೊಬ್ಬರ ಮನೆಯ ತಗಡಿನ ಚಪ್ಪರದ ಕೆಳಗೆ 1967ರ ಪೆಟ್ರೋಲ್ ಜೀಪೊಂದು ಹೇಗಿತ್ತೋ ಹಾಗೆಯೇ ನಿಂತಿದೆ. ಅದನ್ನು ಅವರು ಕೊಂಡದ್ದು ಸರಕಾರದ ಹರಾಜಿನಲ್ಲಲ್ಲ, ಅಡತಿ ವ್ಯಾಪಾರದ ಕುಟುಂಬವೊಂದರ ಹತ್ತಿಯ ಗೋದಾಮಿನಿಂದ. 1973ರ ನಂತರ ಪೆಟ್ರೋಲಿನ ಬೆಲೆ ಏರಿದಾಗ ಆ ಮನೆಯವರು ಅದನ್ನು ಮೂಲೆಗೆ ನಿಲ್ಲಿಸಿದವರು ಮತ್ತೆ ಹೊರಗೆ ತೆಗೆಯಲಿಲ್ಲವಂತೆ. ಮೀಟರು ಹನ್ನೊಂದು ಸಾವಿರದ ಚಿಲ್ಲರೆಯನ್ನು ತೋರಿಸುತ್ತದೆ.

ಮೀಟರನ್ನು ನಂಬಿ ಹಣ ಕೊಡುವವರು ಹಿರಿಯರಲ್ಲ. ಹಳೆಯ ಮೀಟರಿನಲ್ಲಿ ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆಯಿಂದ ಆರಂಭ. ಆದುದರಿಂದ ಅವರು ಪೆಡಲಿನ ರಬ್ಬರಿನ ಗೀರುಗಳನ್ನು ನೋಡಿದರು, ಸ್ಟಿಯರಿಂಗ್ ಚಕ್ರದ ಮೇಲೆ ಅಂಗೈ ಸವೆಸಿದ ಗುರುತನ್ನು ನೋಡಿದರು, ಬೋಲ್ಟುಗಳ ಮೂಲೆ ಪಾನೆಯ ಪೆಟ್ಟಿನಿಂದ ಮೊಂಡಾಗಿದೆಯೇ ಎಂದು ಪರೀಕ್ಷಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಚಾಸಿ ಮತ್ತು ಇಂಜಿನಿನ ಸಂಖ್ಯೆಗಳನ್ನು ನೋಂದಣಿ ಪುಸ್ತಕದೊಂದಿಗೆ ತಾಳೆ ನೋಡಿದರು. ಈ ಕೊನೆಯ ಪರೀಕ್ಷೆಯಲ್ಲಿ ನಮ್ಮ ಕಡೆಯ ಹಳೆಯ ಜೀಪುಗಳು ಉತ್ತೀರ್ಣವಾಗುವುದು ಅಪರೂಪ. ಏಕೆಂದರೆ ಪೆಟ್ರೋಲ್ ಖರ್ಚಿಗೆ ಅಂಜಿ ಮೂಲ ಇಂಜಿನ್ನನ್ನು ಕಿತ್ತು ಡೀಸೆಲ್ ಇಂಜಿನ್ ಕೂಡಿಸಿದವರು ಬಹಳ. ಉಳಿತಾಯದ ದೃಷ್ಟಿಯಿಂದ ಅವರನ್ನು ದೂಷಿಸಲಾಗದು.

ನಾವು ಹೋದಾಗ ಮನೆಯಲ್ಲಿ ಇದೇ ಚರ್ಚೆ ನಡೆದಿತ್ತು. ಮೊಮ್ಮಗನ ಲಗ್ನ ನಿಶ್ಚಯವಾಗಿದೆ.

“ಮುತ್ಯಾ, ಕೆಂಪು ಬಣ್ಣ ಹಚ್ಚಿ, ಡೀಸೆಲ್ ಇಂಜಿನ್ ಕೂಡ್ಸಿದ್ರ ಮೆರವಣಿಗಿಗಿ ಭಾಳ ಛಂದ ಕಾಣ್ತದ” ಎಂದು ಅವನ ಹಟ.

“ಬಣ್ಣ ನಾಳಿ ಭೀ ಹಚ್ಚಬಹುದು ತಮ್ಮಾ. ಹಚ್ಚಿದ ಮ್ಯಾಲ ಈ ಬಣ್ಣ ಮತ್ತ ಎಲ್ಲಿಂದ ತರ್ತಿ?” ಎಂದರು ಹಿರಿಯರು.

ಆ ಬಣ್ಣವೋ, ಹಸಿರು ಕಂದಿ ಬೂದಿಯಾಗಿದೆ. ಚಾಲಕನು ಮೊಳಕೈ ಊರಿದ ಕಡೆ ತಗಡು ಹೊಳೆಯುತ್ತದೆ. ನನ್ನಂಥವನಿಗೆ ಮೊದಲ ನೋಟಕ್ಕೆ ಮೊಮ್ಮಗನ ಮಾತೇ ಸರಿಯೆನಿಸಿತು.

ಆದರೆ ಮುತ್ಯಾನ ಮಾತು ಬರಿಯ ಮುದುಕರ ಮೊಂಡುತನವಲ್ಲ. ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಅದೇ 1964ರ ಮಾದರಿಯಾಗಿ ಅಮೆರಿಕದಲ್ಲಿ ಪೊಂಟಿಯಾಕ್ ಜಿ.ಟಿ.ಓ. ಎಂಬ ಕಾರು ಮಾರುಕಟ್ಟೆಗೆ ಬಂದಿತು. ಮಧ್ಯಮ ಗಾತ್ರದ ಒಡಲಿಗೆ ಭಾರಿ ಇಂಜಿನ್ ಕೂಡಿಸಿದ ಇಂಥವುಗಳನ್ನು ಅಲ್ಲಿ ‘ಮಸಲ್ ಕಾರು’ ಎಂದು ಕರೆದರು. ಯುವಕರು ಅವುಗಳನ್ನು ದಣಿಯೆ ಓಡಿಸಿ, ಬಡಿದು, ಬಣ್ಣ ಬದಲಿಸಿ ಹಾಳುಗೆಡವಿದರು. ಈಗ ಅಲ್ಲಿನ ಸಂಗ್ರಾಹಕರು ಹುಡುಕುವುದು ಕಡಿಮೆ ಓಡಿದ, ಯಾರೂ ಕೈಯಾಡಿಸದ, ಕಾರ್ಖಾನೆಯ ಬಣ್ಣವನ್ನೇ ಹೊತ್ತ ಗಾಡಿಯನ್ನು. ಥಳಥಳಿಸುವಂತೆ ನವೀಕರಿಸಿದ ಕಾರನ್ನು ಬಿಟ್ಟು ಬಣ್ಣ ಮಾಸಿದ ಕಾರಿಗೆ ಹೆಚ್ಚು ಬೆಲೆ ಕೊಡುವುದೂ ಅಲ್ಲಿ ಉಂಟು. ಕಾರ್ಖಾನೆಯ ಕೆಲಸಗಾರನು ಬೆಸುಗೆ ಹೇಗೆ ಹಾಕಿದ, ಬಣ್ಣ ಎಷ್ಟು ತೆಳ್ಳಗೆ ಎರಚಿದ ಎಂಬುದಕ್ಕೆ ಅಂಥ ಗಾಡಿಯೇ ಸಾಕ್ಷಿ. ಶಾಸನದ ಕಲ್ಲಿಗೆ ಸುಣ್ಣ ಬಳಿದರೆ ಗೋಡೆ ಬೆಳ್ಳಗಾಗುತ್ತದೆ, ಅಕ್ಷರ ಹೋಗುತ್ತದೆ.

ಹಾಗೆಂದು ಓಡಿಸದೆ ನಿಲ್ಲಿಸಿದರೆ ಸಾಕೆಂದು ತಿಳಿಯಬಾರದು. ಈ ಸೀಮೆ 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತಷ್ಟೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ತರಿಸಿದ ಹಳದಿ ರೋಲ್ಸ್ ರಾಯ್ಸ್ ಕಾರು, 1911ರಲ್ಲಿ ಅವರು ತೀರಿಕೊಂಡ ನಂತರ ಹೈದರಾಬಾದಿಗೆ ಬಂದಿತು. ಹಿಂಬದಿಯಲ್ಲಿ ಸಿಂಹಾಸನದಂಥ ಆಸನವಿದ್ದ ಆ ಕಾರು ದಶಕಗಳಲ್ಲಿ ಓಡಿದ್ದು 356 ಮೈಲಿ ಮಾತ್ರವೆಂದು ಪ್ರಸಿದ್ಧಿ. ಅಷ್ಟು ಕಡಿಮೆ ಓಡಿದ್ದರೂ ಆರೈಕೆಯಿಲ್ಲದೆ ನಿಂತು ಜೀರ್ಣವಾಗಿ, ಕೊನೆಗೆ ಅದನ್ನು ಪುನಃ ರೂಪಿಸಬೇಕಾಯಿತು. ಚೌಮಹಲ್ಲಾ ಅರಮನೆಯಲ್ಲಿ ಅದನ್ನು ನೋಡಬಹುದು. ದೂರ ಹೋಗಲಾಗದವರು ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೆಯ ಕಾರುಗಳನ್ನಾದರೂ ನೋಡಬೇಕು.

ಗೋದಾಮಿನಿಂದ ತಂದ ದಿನವೇ ಹಿರಿಯರು ಜೀಪನ್ನು ಚಾಲೂ ಮಾಡಲಿಲ್ಲ. ಹುಳಿತು ಅಂಟಾಗಿದ್ದ ಪೆಟ್ರೋಲನ್ನು ಬಸಿದು ಟಾಕಿ ತೊಳೆದರು. ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿಗೆ ತುಸು ಎಣ್ಣೆ ಬಿಟ್ಟು, ಎರಡು ದಿನ ಬಿಟ್ಟು ಕೈ ಹ್ಯಾಂಡಲಿನಿಂದ ಮೆಲ್ಲಗೆ ತಿರುವಿದರು. ಬ್ರೇಕಿನ ಎಣ್ಣೆ ತೇವ ಹೀರಿ ಒಳಗೆ ತುಕ್ಕು ಹಿಡಿಸುವುದರಿಂದ ಅದನ್ನು ಪೂರ್ತಿ ಬದಲಿಸಿದರು. ಇಲಿ ಕಡಿದ ವಾಯರನ್ನು ಬದಲಿಸಿದ್ದಾರೆ, ಆದರೆ ತೆಗೆದ ಪ್ರತಿಯೊಂದು ತುಣುಕನ್ನೂ ಚೀಟಿ ಬರೆದು ಡಬ್ಬಿಯಲ್ಲಿಟ್ಟಿದ್ದಾರೆ. ಗಾಡಿಯ ಅಚ್ಚುಗಳ ಕೆಳಗೆ ಮರದ ದಿಮ್ಮಿ ಕೊಟ್ಟು ಟಯರಿನ ಭಾರ ಇಳಿಸಿದ್ದಾರೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥೆನಾಲ್ ಇರುವುದರಿಂದ ಅದು ನೀರು ಹೀರುತ್ತದೆ, ಹಳೆಯ ರಬ್ಬರಿನ ನಳಿಕೆಗಳನ್ನು ಮೆತ್ತಗೆ ಮಾಡುತ್ತದೆ; ಆದ್ದರಿಂದ ಓಡಿಸಿದ ಮೇಲೆ ಟಾಕಿಯಲ್ಲಿ ಉಳಿಸುವುದಿಲ್ಲ. ಎರೆಮಣ್ಣಿನ ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಬಣ್ಣ ಗೀರುತ್ತದೆಂದು ಮೊದಲು ಗಾಳಿ ಊದಿ, ಬಳಿಕ ಒದ್ದೆಬಟ್ಟೆ ಮುಟ್ಟಿಸುತ್ತಾರೆ. ಕಾಲುವೆ ಬಂದು ಸುತ್ತ ಭತ್ತದ ಗದ್ದೆಗಳಾದ ಮೇಲೆ ಇಲ್ಲಿ ತೇವವೂ ಹೆಚ್ಚು. ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದರೆ ಒಳಗೆ ಬೆವರಿ ತುಕ್ಕು ಹತ್ತುವುದರಿಂದ ಹಳೆಯ ಜಮಖಾನೆಯೇ ಅದರ ಹೊದಿಕೆ.

ಮೊಮ್ಮಗನ ಹಟಕ್ಕೆ ತಡೆಯಾದದ್ದು ಕಾಯಿದೆಯ ಮಾತು. 2021ರ ಜುಲೈ 15ರ ಕೇಂದ್ರ ಸರಕಾರದ ಅಧಿಸೂಚನೆಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ಚಾಸಿ, ಒಡಲು, ಇಂಜಿನಿನಲ್ಲಿ ಗಣನೀಯ ಬದಲಾವಣೆಯಾಗದ ವಾಹನಕ್ಕೆ ‘ವಿಂಟೇಜ್’ ಮಾನ್ಯತೆ ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಡೀಸೆಲ್ ಇಂಜಿನ್ ಕೂಡಿಸಿದ ಜೀಪಿಗೆ ಈ ಬಾಗಿಲು ಮುಚ್ಚಿದಂತೆಯೇ. ಆದರೆ ಮಾನ್ಯತೆ ಪಡೆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಹಾಗೂ ದುರಸ್ತಿಯಂಥ ಕೆಲಸಗಳಿಗಲ್ಲದೆ ರಸ್ತೆಗಿಳಿಸುವಂತಿಲ್ಲ. ಹೊಲಕ್ಕೆ, ಸಂತೆಗೆ ಒಯ್ಯುವಂತಿಲ್ಲ. ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸುತ್ತ ಹೋದರೆ ಗಾಡಿ ಊರಲ್ಲಿ ಓಡಾಡಿಕೊಂಡಿರುತ್ತದೆ. ಎರಡರಲ್ಲಿ ಯಾವುದನ್ನು ಆರಿಸುವುದೆಂದು ಹಿರಿಯರು ಇನ್ನೂ ತೀರ್ಮಾನಿಸಿಲ್ಲ. ಓಡಾಡದ ಜೀಪು ಅವರಿಗೆ ಪೂರ್ತಿ ಒಪ್ಪಿಗೆಯಿಲ್ಲ.

ಮೆರವಣಿಗೆಗೆ ಶಹಾಪುರದಿಂದ ಬಾಡಿಗೆಯ ಗಾಡಿ ಗೊತ್ತಾಗಿದೆ. ಅಂದು ಬೆಳಿಗ್ಗೆ ಜೀಪನ್ನು ಅಂಗಳಕ್ಕೆ ತಂದು ನಿಲ್ಲಿಸುವುದು, ಹೂವಿನ ಹಾರವನ್ನು ಅಂಟುಪಟ್ಟಿ ಬಳಸದೆ ನೂಲಿನಿಂದಲೇ ಕಟ್ಟುವುದು, ಬೀಗರೆಲ್ಲ ಕೂಡಿ ಅದರ ಮುಂದೆ ಫೋಟೋ ತೆಗೆಸಿಕೊಳ್ಳುವುದು ಎಂದು ಮುತ್ಯಾ ಮೊಮ್ಮಗರಲ್ಲಿ ಒಪ್ಪಂದವಾಗಿದೆ.