ನಡುವೆ ಕಡಿದ ದಾರಿ

ಕೆಲವು ವರ್ಷಗಳ ಹಿಂದೆ, 2019ರ ಬೇಸಗೆಯಲ್ಲಿ, ಮಗಳ ಮನೆಯಲ್ಲಿ ತಂಗುವ ನಿಮಿತ್ತವಾಗಿ ನಾನು ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರಕ್ಕೆ ಹೋಗಿದ್ದೆನು. ಅಲ್ಲಿನ ಬಂದರಿನಲ್ಲಿ ಬೈಸಿಕಲ್ಲುಗಳಿಗಾಗಿಯೇ ಕಟ್ಟಿದ ಒಂದು ಸೇತುವೆಯುಂಟು. ಕಿತ್ತಳೆ ಬಣ್ಣದ ಅದರ ದಾರಿಯು ನೀರಿನ ಮೇಲೆ ಬಳುಕುತ್ತ ಸಾಗುವುದರಿಂದ ಅದಕ್ಕೆ ‘ಸೈಕಲ್ ಹಾವು’ ಎಂಬ ಹೆಸರು. ಬಂದರನ್ನು ದಾಟುವ ಇನ್ನೊಂದು ಸೇತುವೆಯು 2006ರಲ್ಲಿಯೇ ಆಗಿದ್ದರೂ, ಅದನ್ನು ಮುಟ್ಟಲು ಸವಾರರು ಬೈಸಿಕಲ್ಲನ್ನು ಹೊತ್ತು ಮೆಟ್ಟಿಲಿಳಿಯಬೇಕಾಗಿತ್ತಂತೆ. 2014ರಲ್ಲಿ ಸುಮಾರು 200 ಮೀಟರ್ ಉದ್ದದ ಈ ಕೊಂಡಿಯು ಕೂಡಿದ ಮೇಲೆ ನಗರದ ಎರಡು ದಾರಿಗಳು ಒಂದಾದವು. ಪುಟ್ಟ ಹುಡುಗಿಯರು ಶಾಲೆಯ ಚೀಲ ಹೊತ್ತು ನಿರ್ಭಯರಾಗಿ ದಾಟುವುದನ್ನು ನೋಡುತ್ತಿರುವಾಗ ನನ್ನ ಕಣ್ಣು ತುಂಬಿ ಬಂದಿತು. ಮಗಳಿಗೆ ಅದರ ಕಾರಣವು ತಿಳಿಯಲಿಲ್ಲ.

ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡ (ಬಿ)ಗೆ ಮೂರು ಮೈಲು ದೂರದಲ್ಲಿ ನಮ್ಮ ಗ್ರಾಮ. ಅಪ್ಪನ ಬೈಸಿಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ ಸವಾರಿ ಕಲಿತ ನಮ್ಮಕ್ಕನು ನನ್ನನ್ನು ಹಿಂದೆ ಕೂರಿಸಿಕೊಂಡು ಪ್ರತಿದಿನ ಅಲ್ಲಿನ ಶಾಲೆಗೆ ಹೋಗುತ್ತಿದ್ದಳು. ನಡುವೆ ಒಂದು ಹಳ್ಳ, ಅದಕ್ಕೆ ಸೇತುವೆಯಿರಲಿಲ್ಲ. 1969ರ ಮಳೆಗಾಲದ ಒಂದು ಸಂಜೆ ಹಳ್ಳವು ದಡ ಮೀರಿ ಬಂದಿತು. ಕಂದೀಲು ಹಿಡಿದ ಅಪ್ಪನು ದೊಡ್ಡ ರಸ್ತೆಯಿಂದ ಸುತ್ತಿ ನಮ್ಮೆಡೆಗೆ ಬರುವಷ್ಟರಲ್ಲಿ ರಾತ್ರಿ ಬಹಳವಾಗಿತ್ತು. ಮರುದಿನ ಅಪ್ಪನು, “ಇನ್ನು ಸಾಕು, ಅವ್ವಾ,” ಎಂದಷ್ಟೇ ಅಕ್ಕನಿಗೆ ಹೇಳಿದನು. ಆಗ ಅವಳಿಗೆ ಹದಿಮೂರು ವರ್ಷ.

ಮುಂದೆ ಸಭೆಯ ಪಾಲಕರ ಸಹಾಯದಿಂದ ನನಗೆ ಈ ನಮ್ಮ ಶಾಲೆಯ ಬೋರ್ಡಿಂಗಿನಲ್ಲಿ ಸ್ಥಳ ದೊರೆಯಿತು. ಮನೆಯಿಂದ ಒಬ್ಬಳನ್ನು ಮಾತ್ರ ಕಳುಹಿಸಬಹುದಾಗಿತ್ತು. ನಾನು ಹಳ್ಳವನ್ನು ದಾಟಿದೆನು. ನನ್ನನ್ನು ಅಷ್ಟು ದಿನ ದಾಟಿಸಿದವಳು ಆಚೆಯ ದಡದಲ್ಲಿಯೇ ಉಳಿದಳು. ಅಕ್ಕನನ್ನೂ ಕಳುಹಿಸಿರೆಂದು ಅಂದು ನಾನು ಒಂದು ಮಾತನ್ನೂ ಆಡಲಿಲ್ಲವೆಂಬುದನ್ನು ಇಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ನಮ್ಮ ರಾಜ್ಯದಲ್ಲಿ 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವು ಬೈಸಿಕಲ್ಲುಗಳನ್ನು ಕೊಟ್ಟಿತು. ಬಿಹಾರದಲ್ಲಿಯೂ 2006ರಲ್ಲಿ ಹುಡುಗಿಯರಿಗಾಗಿ ಇಂತಹ ಯೋಜನೆಯು ಆರಂಭವಾಯಿತು. ಅದನ್ನು ಪರಿಶೀಲಿಸಿದ ವಿದ್ವಾಂಸರು, ಹೈಸ್ಕೂಲು ಸೇರುವ ಹುಡುಗಿಯರ ಸಂಖ್ಯೆಯು ಸುಮಾರು ಮೂರರಲ್ಲೊಂದು ಪಾಲಿನಷ್ಟು ಹೆಚ್ಚಿತೆಂದೂ, ಶಾಲೆಯು ದೂರವಿದ್ದ ಗ್ರಾಮಗಳಲ್ಲಿಯೇ ಆ ಫಲವು ವಿಶೇಷವಾಗಿತ್ತೆಂದೂ ಕಂಡುಕೊಂಡರು. ಅಕ್ಕನ ಮೊಮ್ಮಗಳಿಗೂ 2016ರಲ್ಲಿ ಒಂದು ಬೈಸಿಕಲ್ಲು ಬಂದಿತು. ಅಷ್ಟರಲ್ಲಿ ಹಳ್ಳಕ್ಕೆ ಸೇತುವೆಯೂ ಆಗಿತ್ತು. ಆದರೆ ಬೀದರಿನಿಂದ ಹುಮನಾಬಾದಿಗೆ ಹೋಗುವ ದೊಡ್ಡ ರಸ್ತೆಯು ರಾಷ್ಟ್ರೀಯ ಹೆದ್ದಾರಿ 50 ಆಗಿ, ಲಾರಿಗಳ ಪ್ರವಾಹವು ಹಳ್ಳದ ಪ್ರವಾಹಕ್ಕಿಂತ ಘೋರವಾಗಿತ್ತು. ಅದನ್ನು ದಾಟದೆ ಶಾಲೆಗೆ ದಾರಿಯಿಲ್ಲ. ಹುಡುಗಿಯು ಎಸ್.ಎಸ್.ಎಲ್.ಸಿ. ಮುಗಿಸುವ ತನಕ ಅಕ್ಕನು ದಿನವೂ ಹೆದ್ದಾರಿಯವರೆಗೆ ನಡೆದು ಬಂದು, ಕೈಹಿಡಿದು ದಾಟಿಸಿ, ಅವಳು ಕಣ್ಮರೆಯಾಗುವ ತನಕ ನಿಂತಿರುತ್ತಿದ್ದಳು.

ಪ್ರಿಯ ಭಗಿನಿಯರೇ, ಮಾತಾಪಿತರೇ, ದಾರಿಯು ಒಂದೆಡೆ ಕಡಿದಿದ್ದರೆ ಮಿಕ್ಕ ಮೂರು ಮೈಲುಗಳೂ ನಿಷ್ಫಲವಾಗುವುವು. ಕೋಪನ್‌ಹೇಗನ್ನಿನ ಜನರು ಅರಿತುಕೊಂಡದ್ದು ಇದನ್ನೇ. ಅಷ್ಟು ಚೆಲುವಾದ ಸೇತುವೆಯನ್ನು ನಮ್ಮ ಊರುಗಳು ಕೇಳುತ್ತಿಲ್ಲ. ಹೆದ್ದಾರಿಯ ಕೆಳಗೆ ಒಂದು ಕಿರುದಾರಿ, ಹಳ್ಳಕ್ಕೆ ಒಂದು ಕಾಲುಸೇತುವೆ ಸಾಕು. ನಮ್ಮಲ್ಲಿ ಶಿಕ್ಷಕಿಯರಾದವರಿದ್ದೀರಿ, ಪಂಚಾಯಿತಿಯಲ್ಲಿ ಕುಳಿತವರಿದ್ದೀರಿ. ನಿಮ್ಮೂರಿನ ಹುಡುಗಿಯರನ್ನು ಒಮ್ಮೆ ಕರೆದು, ಶಾಲೆಗೆ ಬರುವಾಗ ಎಲ್ಲಿ ಬೈಸಿಕಲ್ಲಿನಿಂದ ಇಳಿಯುತ್ತೀರಿ ಎಂದು ಕೇಳಿರಿ. ಅವರು ತೋರಿಸುವ ಜಾಗದಲ್ಲಿಯೇ ಕೆಲಸವು ಆರಂಭವಾಗಲಿ.

ನನ್ನನ್ನು ಓದಿಸಿದ ಈ ಶಾಲೆಗೆ ನಾನು ಋಣಿ. ಅದಕ್ಕೂ ಮೊದಲಿನ ಋಣವು ನಮ್ಮಕ್ಕನದು.