ಗುಂಪಿನಲ್ಲಿ ಗೋವಿಂದ

ನನ್ನ ದನಿಗೆ ಒಂಟಿಯಾಗಿ ಬದುಕುವ ಯೋಗ್ಯತೆ ಇಲ್ಲ. ಇದನ್ನು ಮೊದಲು ಹೇಳಿದವಳು ನಮ್ಮಮ್ಮ. 'ನೀನು ಭಜನೆಗಾದರೆ ಸರಿ ಕಣೋ, ಕಚೇರಿಗೆಲ್ಲ ಆಸೆ ಪಡಬೇಡ' ಎಂದಿದ್ದಳು. ಆಗ ಎರಡು ದಿನ ಮುನಿಸಿಕೊಂಡು ಊಟ ಬಿಟ್ಟಿದ್ದೆ. ಈಗ ಅದೇ ಮಾತನ್ನು ವರವೆಂದು ಕಣ್ಣಿಗೊತ್ತಿಕೊಳ್ಳುತ್ತೇನೆ.

ಗೊರೂರೆಂದರೆ ಹೊರಗಿನವರಿಗೆ ಹೇಮಾವತಿ ಅಣೆಕಟ್ಟು. ಪುಸ್ತಕ ಓದುವವರಿಗೆ ರಾಮಸ್ವಾಮಿ ಅಯ್ಯಂಗಾರರು. ನನಗೆ ಮಾತ್ರ ಪುಷ್ಯ ಬಹುಳ ಪಂಚಮಿಯ ಬೆಳಗು. ಅಂದು ತ್ಯಾಗರಾಜರ ಆರಾಧನೆ. ಇಪ್ಪತ್ತು ಇಪ್ಪತ್ತೈದು ಜನ ಜಮಖಾನದ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತು ಪಂಚರತ್ನ ಕೃತಿಗಳನ್ನು ಹಾಡುತ್ತೇವೆ. ಒಂದು ವಯಲಿನ್, ಒಂದು ಮೃದಂಗ, ಪುಣ್ಯವಿದ್ದ ವರ್ಷ ಹಾಸನದಿಂದ ಒಂದು ಘಟ. ಚಳಿಗೆ ಗಂಟಲು ಕಟ್ಟಿರುತ್ತದೆ. ಒಳಗಿನಿಂದ ಸಜ್ಜಿಗೆ ಹುರಿಯುವ ವಾಸನೆ ಬರುತ್ತಿರುತ್ತದೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ: ರಾಗ ಐದು, ತಾಳ ಒಂದೇ, ಆದಿ. ನಾಟಕ್ಕೆ ಕೂತರೆ ಶ್ರೀರಾಗ ಮುಗಿಯುವವರೆಗೆ ಏಳುವಂತಿಲ್ಲ.

ತಾಲೀಮು ತಿಂಗಳ ಮುಂಚೆಯೇ ಶುರು. ಮೊದಲ ವಾರವೆಲ್ಲ ಹೋಗುವುದು ಹಾಡಿಗಲ್ಲ, ಶ್ರುತಿಯ ಜಗಳಕ್ಕೆ. ಗಂಡಸರಿಗೆ ಒಂದು ಮನೆ ಹಿತ, ಹೆಂಗಸರಿಗೆ ಐದು. ಒಂದಕ್ಕಿಟ್ಟರೆ ಹೆಂಗಸರ ದನಿ ಬಾವಿಗಿಳಿಯುತ್ತದೆ, ಐದಕ್ಕಿಟ್ಟರೆ ಗಂಡಸರ ಕಣ್ಣುಗುಡ್ಡೆ ಹೊರಗೆ ಬರುತ್ತದೆ. ಎಳೆದಾಡಿ ಕೊನೆಗೆ ನಾಲ್ಕಕ್ಕೆ ರಾಜಿಯಾಗುತ್ತದೆ. ರಾಜಿ ಎಂದರೆ, ತಾರಷಡ್ಜ ದಾಟಿದ ಕೂಡಲೇ ಗಂಡಸರಲ್ಲಿ ಅರ್ಧ ಜನ ಬಾಯಿ ಮಾತ್ರ ಆಡಿಸುತ್ತೇವೆ.

ಈ ಜಗಳ ನಮಗೆ ಬಂದದ್ದಾದರೂ ಬೆಂಗಳೂರು ನಾಗರತ್ನಮ್ಮನವರ ದಯೆಯಿಂದ. ಆಕೆ 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ತಮ್ಮ ಒಡವೆ, ಗಳಿಕೆ ಎಲ್ಲವನ್ನೂ ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರಿಗೆ ಗುಡಿ ಕಟ್ಟಿಸಿದರು. ಆದರೆ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ! ಆಕೆ ಬಿಡಲಿಲ್ಲ, ಹೆಂಗಸರದೇ ಗುಂಪು ಕಟ್ಟಿ ಗುಡಿಯ ಹಿಂಬದಿಯಲ್ಲಿ ಹಾಡಿಸಿದರು. ಗಂಡಸರ, ಹೆಂಗಸರ ಪಂಗಡಗಳೆಲ್ಲ ಒಂದಾಗಿ, ಪಂಚರತ್ನವನ್ನು ಎಲ್ಲರೂ ಕೂಡಿ ಹಾಡುವ ಪದ್ಧತಿ ನೆಲೆಯೂರಿದ್ದು 1940ರ ದಶಕದಲ್ಲಿ. ಅಂದರೆ ನಾವು ಅನಾದಿಯೆಂದು ಕೈಮುಗಿಯುವ ಈ ಗೋಷ್ಠಿಗಾಯನ ನಮ್ಮಜ್ಜಿಗಿಂತ ಚಿಕ್ಕದು. ನಾಲ್ಕು ಮನೆಯ ರಾಜಿಗೆ ಗೊಣಗುವ ಗಂಡಸರಿಗೆ ಇದನ್ನು ನೆನಪಿಸುವುದು ನನ್ನ ಚಟ.

ಪಾಶ್ಚಾತ್ಯರು ಈ ತೊಡಕನ್ನು ಬೇರೆಯೇ ರೀತಿ ಬಿಡಿಸಿಕೊಂಡರು. ಅವರ ಮೇಳಗಾನದಲ್ಲಿ ಹೆಂಗಸರ ಎತ್ತರದ ದನಿಗೆ ಒಂದು ಸಾಲು, ತಗ್ಗಿನ ದನಿಗೆ ಒಂದು, ಗಂಡಸರಿಗೂ ಹಾಗೆಯೇ ಎರಡು. ಯಾರ ಗಂಟಲಿಗೂ ಹಿಂಸೆಯಿಲ್ಲ. ಕೋಲು ಹಿಡಿದ ನಿರ್ದೇಶಕನೊಬ್ಬ ಎಲ್ಲವನ್ನೂ ಹೆಣೆಯುತ್ತಾನೆ. ಎರಡೂ ಲೋಕವನ್ನು ಒಟ್ಟಿಗೆ ಬಲ್ಲವರು ನಮ್ಮಲ್ಲೊಬ್ಬರಿದ್ದರು, ಜಯಚಾಮರಾಜ ಒಡೆಯರು. ಒಂದು ಕೈಯಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು. ಇನ್ನೊಂದು ಕೈಯಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಆಸರೆಯಾದರು. 1950ರ ಮೇ 22ರಂದು ಅಲ್ಲಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದರಲ್ಲ, ಆ ಕಚೇರಿಯ ಖರ್ಚಿಗೆ ಜಾಮೀನು ನಿಂತದ್ದು ಮೈಸೂರು ಮಹಾರಾಜರ ಹಣ. ಧ್ವನಿಮುದ್ರಿಕೆಯಲ್ಲಿ ಆ ಹಾಡುಗಳನ್ನು ಕೇಳಿ ಬೆರಗಾಗಿದ್ದೇನೆ. ಆದರೂ ಪಾಶ್ಚಾತ್ಯರ ಮೇಳದಲ್ಲಿ ನಾನು ನನ್ನ ಸಾಲು ಹಾಡಿಕೊಂಡು ಸುಮ್ಮನಿರಬಹುದು. ನಮ್ಮಲ್ಲಿ ಹಾಗಿಲ್ಲ. ಇರುವುದು ಒಂದೇ ಸಾಲು, ಎಲ್ಲರೂ ಅದರ ಮೇಲೆಯೇ ನಡೆಯಬೇಕು. ಕೋಲು ಹಿಡಿದವರಿಲ್ಲ, ತೊಡೆಯ ಮೇಲೆ ಬೀಳುವ ಇಪ್ಪತ್ತು ಅಂಗೈಗಳೇ ನಿರ್ದೇಶಕರು.

ಆ ಒಂದೇ ಸಾಲಿನ ಮೇಲೆ ಎಲ್ಲರೂ ಎಡವುವ ಜಾಗ ಗೌಳದ ರಿಷಭ. ಅದು ಮಾಮೂಲಿ ಶುದ್ಧ ರಿಷಭವಲ್ಲ, ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ, ಷಡ್ಜದ ಹೊಸ್ತಿಲಿಗೆ ಒರಗಿಕೊಂಡು ತೂಗುತ್ತಿರುತ್ತದೆ. ಒಬ್ಬರು ಹಾಡುವುದೇ ಕಷ್ಟ. ಇಪ್ಪತ್ತೈದು ಜನಕ್ಕೆ ಇಪ್ಪತ್ತೈದು ರಿಷಭ! ಮೊದಲ ದಿನ ಜೇನುಹುಟ್ಟಿಗೆ ಕಲ್ಲು ಹೊಡೆದಂತಿರುತ್ತದೆ. ವಯಲಿನ್ ಮೇಷ್ಟ್ರು ಕಮಾನು ಕೆಳಗಿಟ್ಟು, 'ಹಾಡಬೇಡಿ, ಪಕ್ಕದವರನ್ನ ಕೇಳಿಸ್ಕೊಳ್ಳಿ' ಎನ್ನುತ್ತಾರೆ. ಮೂರನೆಯ ವಾರದ ಯಾವುದೋ ಸಂಜೆ, ಯಾರೂ ಏನೂ ಮಾಡದೆ, ಆ ಸ್ವರ ತಾನಾಗಿ ಕೂಡಿಕೊಳ್ಳುತ್ತದೆ. ನನ್ನ ದನಿ ನನಗೇ ಕೇಳಿಸುವುದಿಲ್ಲ. ಇಲ್ಲವಾಯಿತೇ ಎಂದು ಬಾಯಿ ಮುಚ್ಚಿದರೆ ಗುಂಪಿನ ದನಿಯಲ್ಲಿ ಏನೋ ಒಂದೆಳೆ ಕಡಿಮೆಯಾದಂತೆ ತೋರುತ್ತದೆ. ಇದು ನನ್ನ ಜಂಬವೂ ಇರಬಹುದು.

ಜಂಬಕ್ಕೆ ಮದ್ದೂ ಅಲ್ಲಿಯೇ ಸಿಕ್ಕಿತು. ಒಂದು ವರ್ಷ ಆರಭಿಯಲ್ಲಿ ಚರಣದ ಸ್ವರ ಮುಗಿದು ಸಾಹಿತ್ಯ ಎತ್ತಿಕೊಳ್ಳಬೇಕು. ಎಲ್ಲರೂ ಉಸಿರು ಎಳೆದುಕೊಳ್ಳುವ ಹೊತ್ತಿಗೆ ನಾನು ಅರ್ಧ ಎಣಿಕೆ ಮುಂಚೆಯೇ ನುಗ್ಗಿದೆ. ಒಂದೇ ಪದ. ಆದರೆ ಆ ಪದ ಇಡೀ ಹಜಾರದಲ್ಲಿ ಬಟ್ಟೆಯಿಲ್ಲದೆ ನಿಂತಿತ್ತು. ಮೃದಂಗದವರು ನಗು ತಡೆಯಲು ಬಲಗಡೆಗೆ ಬಾಗಿದರು. ಹಿಂದಿನಿಂದ ನಮ್ಮ ಸೋದರತ್ತೆ, 'ಆಯ್ತಲ್ಲಪ್ಪ ನಿನ್ ಕಚೇರಿ' ಎಂದಳು.

ಒಂಟಿ ದನಿಯ ಕಚೇರಿ ಕೇಳಬೇಕೆಂದರೆ ನಾನು ರುದ್ರಪಟ್ಟಣಕ್ಕೆ ಹೋಗುತ್ತೇನೆ. ಅರಕಲಗೂಡು ದಾಟಿ ಕಾವೇರಿಯ ದಡ ಹಿಡಿದರೆ ಸಿಗುವ ಸಣ್ಣ ಊರು. ಮನೆಮನೆಯಲ್ಲೂ ಸಂಗೀತವಿದ್ದ ಸಂಕೇತಿಗಳ ಊರು. ಆರ್. ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲಿ. ಸಂಗೀತ ಕಲಾನಿಧಿಯಾದರು, ಪದ್ಮಭೂಷಣರಾದರು, ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಆದರೂ ಹೆಸರಿನ ಮುಂದಿನ 'ಆರ್' ಕೊನೆಯವರೆಗೂ ಊರಿನದೇ. ಅಣ್ಣ ವೆಂಕಟರಾಮಾಶಾಸ್ತ್ರಿಗಳ ಪಿಟೀಲಿಗೂ, ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರಿಗೂ ಅದೇ 'ಆರ್'. ಅದೇ ಊರಿನ ಆರ್. ಕೆ. ಪದ್ಮನಾಭ ಅಲ್ಲಿ ಸಂಗೀತೋತ್ಸವ ನಡೆಸಿಕೊಂಡು ಬಂದರು, ತಂಬೂರಿಯ ಆಕಾರದಲ್ಲೇ ಒಂದು ಸಪ್ತಸ್ವರ ಮಂದಿರ ಎಬ್ಬಿಸಿದರು. ದೂರದಿಂದ ನೋಡಿದರೆ ಗದ್ದೆಯ ನಡುವೆ ಯಾರೋ ತಂಬೂರಿ ನಿಲ್ಲಿಸಿ ಊಟಕ್ಕೆ ಹೋದಂತಿದೆ.

ಅಲ್ಲಿ ದೊಡ್ಡ ವಿದ್ವಾಂಸರು ರಾಗ ಬಿಚ್ಚುವಾಗ ನಾನು ಕಂಬಕ್ಕೊರಗಿ ಕಣ್ಣು ಮುಚ್ಚಿಕೊಳ್ಳುತ್ತೇನೆ. ಒಬ್ಬರೇ ನದಿ ಈಜಿ ದಾಟುವುದನ್ನು ದಡದಲ್ಲಿ ಕೂತು ನೋಡಿದ ಹಾಗೆ. ಸುಖವೇ. ಆದರೆ ಮಧ್ಯೆ ಪರಿಚಿತ ಕೃತಿ ಬಂದರೆ ಸಾಕು, ಪಲ್ಲವಿಯ ಎರಡನೆಯ ಸಂಗತಿಗೆ ಸುತ್ತಲಿನ ಬೆರಳುಗಳೆಲ್ಲ ಏಳುತ್ತವೆ, ತುಟಿಗಳು ಅಲ್ಲಾಡುತ್ತವೆ. ಇವರೂ ನಮ್ಮ ಗುಂಪಿನವರೇ.

ಇನ್ನು ವರಾಳಿ. ಆ ರಾಗವನ್ನು ಗುರು ಶಿಷ್ಯನಿಗೆ ನೇರವಾಗಿ ಪಾಠ ಹೇಳಬಾರದು, ಇಬ್ಬರ ಸಂಬಂಧ ಕೆಡುತ್ತದೆ ಎಂದೊಂದು ನಂಬಿಕೆ. ನಮ್ಮ ಮೇಷ್ಟ್ರು ಬಹಳ ಓದಿದವರು, ಇದನ್ನೆಲ್ಲ ನಂಬುವವರಲ್ಲ. ಆದರೂ ವರಾಳಿಯ ಸರದಿ ಬಂದ ದಿನ ನಮಗೆ ಬೆನ್ನು ಹಾಕಿ ಹಿತ್ತಲಿನ ಬಾಗಿಲಿಗೆ ಮುಖ ಮಾಡಿ ಕೂರುತ್ತಾರೆ. 'ನಾನು ಹೇಳ್ಕೊಡ್ತಾ ಇಲ್ಲ. ನನ್ನ ಪಾಡಿಗೆ ನುಡಿಸ್ಕೋತೀನಿ. ನಿಮಗೆ ಬೇಕಾದ್ರೆ ಕೇಳಿಸ್ಕೊಳ್ಳಿ.' ಹೀಗೆ ಎದುರಿನ ಕರಿಬೇವಿನ ಗಿಡಕ್ಕೆ ಅವರು ವರಾಳಿ ಒಪ್ಪಿಸುತ್ತಾರೆ. ಕದ್ದು ಕಲಿತ ಕಾರಣಕ್ಕೋ ಏನೋ, ಐದರಲ್ಲಿ ಅದೇ ನಮಗೆ ಚೆನ್ನಾಗಿ ಕೂತಿದೆ.

ಈ ವರ್ಷ ಗುಂಪಿಗೆ ಹೈಸ್ಕೂಲು ಹುಡುಗನೊಬ್ಬ ಸೇರಿದ್ದಾನೆ. ದನಿ ಈಗಷ್ಟೇ ಒಡೆಯುತ್ತಿದೆ, ಯಾವ ಮನೆಗೂ ಸೇರದು. ಮೊನ್ನೆ ಒಂದು ಚರಣ ಹಿಡಿಯಲಾಗದೆ ನನ್ನ ತೋಳು ತಿವಿದ. 'ಅಂಕಲ್, ಇದೊಂಚೂರು ಹೇಳ್ಕೊಡಿ.' ವರಾಳಿಯದೇ ಚರಣ. ನಾನು ನಿಧಾನವಾಗಿ ಕರಿಬೇವಿನ ಗಿಡದ ಕಡೆ ತಿರುಗಿ ಕೂತೆ.