ಉಪವಾಸದ ಬಂಗುಡೆ

ಉಪವಾಸದ ದಿನ ದಾಂಡೇಲಿಯ ಆ ಕ್ವಾರ್ಟರ್ಸ್ ಮನೆಯಲ್ಲಿ ಮೀನಿನ ವಾಸನೆ ಉಳಿದ ದಿನಗಳಿಗಿಂತ ಜೋರಾಗಿರುತ್ತಿತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಮಾಂಸ ಮುಟ್ಟುವಂತಿಲ್ಲ. ಆದರೆ ಮೀನು ಮಾಂಸದ ಲೆಕ್ಕಕ್ಕಿಲ್ಲ. ಕಾರವಾರದ ಕಡೆಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತ ಕುಟುಂಬಕ್ಕೆ ಇದಕ್ಕಿಂತ ಸಲೀಸಾದ ವ್ರತ ಇನ್ನೊಂದಿರಲಿಕ್ಕಿಲ್ಲ. ಬುಟ್ಟಿ ಇಳಿಸಿ ಕೂತ ಮೀನು ಮಾರುವವಳ ಎದುರು ತಾಯಿ ಕುಕ್ಕರಗಾಲಲ್ಲಿ ಕೂತು ಚೌಕಾಸಿಗೆ ಇಳಿಯುತ್ತಿದ್ದಳು: “ತಪಸ್ಸು ಮಾಡುವವರ ಹತ್ತಿರ ಇಷ್ಟು ರೇಟು ಹೇಳ್ತೀಯಲ್ಲೇ, ಪಾಪ ತಟ್ಟೋದಿಲ್ವಾ?”

ಹುಡುಗ ಒಮ್ಮೆ ಬಂಗುಡೆ ಸಾರಿನಲ್ಲಿ ಅನ್ನ ಕಲಸುತ್ತಾ ಕೇಳಿಯೇಬಿಟ್ಟ, “ಮಾಯ್, ಇದೆಂಥ ಉಪವಾಸ?”

“ಕೋಳಿ ತಿನ್ನಬೇಕು ಅನಿಸ್ತಿಲ್ವಾ ಪುತಾ ನಿನಗೆ? ಅದೇ ಉಪವಾಸ. ಸುಮ್ಮನೆ ಉಣ್ಣು.”

ಆ ಹುಡುಗನಿಗೆ ಈಗ ಐವತ್ತಾರು. ಹುಬ್ಬಳ್ಳಿಯಲ್ಲಿ ನೌಕರಿ, ತಲೆಗೂದಲು ಅರ್ಧ ಬೂದಿಬಣ್ಣ. ಅವನನ್ನು ಇಲ್ಲಿ ‘ಅವನು’ ಎಂದಷ್ಟೇ ಕರೆಯುವುದು ಕ್ಷೇಮ. ಹೆಸರು ಹಾಕಿದರೆ ಚೌಕಾಸಿಯ ವಿಷಯ ಊರಿಗೆಲ್ಲ ಹೇಳಿದೆಯೆಂದು ತಾಯಿ ಕೋಪಿಸಿಕೊಳ್ಳುತ್ತಾಳೆ.

ಮನೆಯಲ್ಲಿ ಈ ಕಾಲಕ್ಕೆ ‘ಕರೆಜ್ಮ್’ ಎನ್ನುತ್ತಿದ್ದರು. ಪೋರ್ಚುಗೀಸರ ‘ಕ್ವಾರೆಸ್ಮಾ’ ಕೊಂಕಣಿಯ ಬಾಯಲ್ಲಿ ಸವೆದು ಸವೆದು ಆದ ರೂಪ ಅದು. ಅದರ ಬೇರು ಲ್ಯಾಟಿನ್ನಿನಲ್ಲಿದೆ, ನಲವತ್ತನೆಯದು ಎಂಬ ಅರ್ಥ. ಉತ್ತರ ಕನ್ನಡದ ಚರ್ಚುಗಳ ಪ್ರಾರ್ಥನೆಯಲ್ಲಿ ಇಂಥ ಮಾತುಗಳು ತುಂಬಿಕೊಂಡಿರುವುದು ಆಶ್ಚರ್ಯವೇನಲ್ಲ. ಇಲ್ಲಿನ ವಿಶ್ವಾಸ ಬಹುಪಾಲು ಗೋವಾದ ಕಡೆಯಿಂದ ಬಂದದ್ದು, ಆಡಳಿತವೂ ಹಾಗೆಯೇ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಆಯಿತು, ಅದರಿಂದ ಬೇರ್ಪಟ್ಟು 1976ರಲ್ಲಿ ಕಾರವಾರ ಧರ್ಮಪ್ರಾಂತ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಸರಿದು ಊರ ಭಾಷೆಗಳು ಪೀಠದ ಹತ್ತಿರ ಬಂದವು. ಕನ್ನಡ ಬಂದಾಗ ಬರಿಗೈಯಲ್ಲಿ ಬರಲಿಲ್ಲ. ತನ್ನ ಜೊತೆ ‘ತಪಸ್ಸು’, ‘ಬಲಿಪೂಜೆ’, ‘ವಿಭೂತಿ’ ಎಲ್ಲವನ್ನೂ ಹೊತ್ತು ತಂದಿತು.

ವಿಭೂತಿ ಬುಧವಾರ. ತಪಸ್ಸುಕಾಲ ಶುರುವಾಗುವ ದಿನದ ಈ ಹೆಸರಿನಿಂದಾಗಿ ಅವನಿಗೆ ಬಾಲ್ಯದಲ್ಲಿ ಒಂದು ಫಜೀತಿ ಆಗಿತ್ತು. ಪೀಠಬಾಲಕನಾಗಿದ್ದ ಅವನ ಪಾಲಿಗೆ ಬೂದಿ ಮಾಡುವ ಕೆಲಸ ಬಂದಿತ್ತು. ಹೋದ ವರ್ಷದ ಗರಿಗಳ ಭಾನುವಾರ ಮನೆಗೆ ಒಯ್ದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಗಳನ್ನು ಜನ ವಾಪಸ್ ತಂದುಕೊಡುತ್ತಾರೆ, ಅದನ್ನು ಸುಟ್ಟು ಬೂದಿ ಮಾಡಬೇಕು. ಕೇಳಲಿಕ್ಕೆ ಸುಲಭ. ತೆಂಗಿನ ಗರಿಯ ಎಲೆ ಭಗ್ಗೆಂದು ಉರಿದುಹೋಗುತ್ತದೆ, ಕಡ್ಡಿ ಮಾತ್ರ ಜಪ್ಪಯ್ಯ ಎಂದರೂ ಸುಡುವುದಿಲ್ಲ. ಅರ್ಧ ಸುಟ್ಟ ಕಡ್ಡಿಗಳನ್ನು ಆರಿಸಿ ಎಸೆದು, ಉಳಿದದ್ದನ್ನು ತೆಂಗಿನ ಚಿಪ್ಪಿನಲ್ಲಿ ಅರೆದು, ಹಳೇ ಪಂಚೆಯ ತುಂಡಿನಲ್ಲಿ ಜಾಲಿಸಿದರೆ ಒಂದು ಬುಟ್ಟಿ ಗರಿಗೆ ಒಂದು ಹಿಡಿ ಬೂದಿ. ಸ್ವಲ್ಪ ನೀರು ಹಾಕದಿದ್ದರೆ ಹಣೆಗೆ ಅಂಟದೆ ಮೂಗಿನ ಮೇಲೆ ಉದುರುತ್ತದೆ. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು ಎಂದು ಗುರುಗಳು ನೆನಪಿಸುವ ಗಂಭೀರ ಗಳಿಗೆಯಲ್ಲಿ ಸಾಲಿನವರೆಲ್ಲ ಒಬ್ಬೊಬ್ಬರಾಗಿ ಸೀನತೊಡಗಿದರೆ ಹೇಗಿರುತ್ತದೆ! ಆ ವರ್ಷ ಹಾಗೇ ಆಯಿತು. ನೀರು ಹಾಕುವುದನ್ನು ಅವನು ಮರೆತಿದ್ದ.

ಹಣೆಯ ಮೇಲೆ ಕರಿ ಶಿಲುಬೆ ಹೊತ್ತು ಮನೆಗೆ ಬಂದರೆ ಪಕ್ಕದ ಮನೆಯ ಧಾರವಾಡ ಕಡೆಯ ಅಜ್ಜ ಜಗುಲಿಯಿಂದಲೇ ಕೇಳಿದರು, “ತಮ್ಮಾ, ಅದ್ಯಾಕೋ ನಿಮ್ಮ ವಿಭೂತಿ ಕರ್ರಗೈತಿ?” ಅವರ ಹಣೆಯ ಮೇಲೆ ಮೂರು ಬಿಳಿ ಗೆರೆ. ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಸಗಣಿಯ ಬೂದಿ ಬಿಳಿ, ಗರಿಯ ಬೂದಿ ಕಪ್ಪು; ಅಷ್ಟೇ ವ್ಯತ್ಯಾಸ ಎಂದು ಹೇಳಬಹುದಿತ್ತು. ಹಾಗೆ ನೋಡಿದರೆ ಸಾಮಾನ್ಯ ಭಕ್ತರೆಲ್ಲ ಈ ದಿನ ಬೂದಿ ಧರಿಸಬೇಕೆಂದು ಪೋಪ್ ಎರಡನೇ ಅರ್ಬನ್ ಬೆನೆವೆಂತೊ ಎಂಬಲ್ಲಿ ಸಭೆ ಸೇರಿಸಿ ಹೇಳಿದ್ದು 1091ರಲ್ಲಿ. ಬಸವಣ್ಣನವರು ಹುಟ್ಟುವ ಕೆಲವೇ ದಶಕಗಳ ಮೊದಲು.

ಆ ಅಜ್ಜನ ಶಿವರಾತ್ರಿಯೂ ಈ ಮನೆಯ ವಿಭೂತಿ ಬುಧವಾರವೂ ಹಲವು ವರ್ಷ ಬೆನ್ನಿಗೆ ಬೆನ್ನು ತಾಗಿಸಿಕೊಂಡೇ ಬರುತ್ತವೆ. ಇದರಲ್ಲಿ ಪವಾಡವಿಲ್ಲ, ಚಂದ್ರನ ಲೆಕ್ಕವಿದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಈಸ್ಟರ್. ಅಲ್ಲಿಂದ 46 ದಿನ ಹಿಂದೆ ಎಣಿಸಿದರೆ ಸಿಗುವ ವಿಭೂತಿ ಬುಧವಾರ ಬಂದು ನಿಲ್ಲುವುದು ಅಮಾವಾಸ್ಯೆಯ ಆಸುಪಾಸಿಗೆ. ಶಿವರಾತ್ರಿ ಅಮಾವಾಸ್ಯೆಯ ಮುಂಚಿನ ಚತುರ್ದಶಿ. ರಮ್ಜಾನ್ ತಿಂಗಳು ಹುಟ್ಟುವುದು ಅಮಾವಾಸ್ಯೆಯ ನಂತರದ ಗೆರೆಚಂದ್ರನನ್ನು ನೋಡಿ. ಟಿಬೆಟಿಯನ್ನರ ಹೊಸ ವರ್ಷ ಲೋಸಾರ್ ಕೂಡ ಅಮಾವಾಸ್ಯೆ ಕಳೆದ ಮೇಲೆಯೇ. 2026ರಲ್ಲಿ ಇವೆಲ್ಲ ಒಂದೇ ವಾರದಲ್ಲಿ ಗುಂಪುಗೂಡಿದವು: ಫೆಬ್ರವರಿ 15ಕ್ಕೆ ಶಿವರಾತ್ರಿ, 18ಕ್ಕೆ ವಿಭೂತಿ ಬುಧವಾರ, ಅದೇ ದಿನ ಲೋಸಾರ್, ಅದರ ಬೆನ್ನಿಗೇ ರಮ್ಜಾನ್ ಉಪವಾಸ.

ಆ ಬುಧವಾರ ಅವನು ಮುಂಡಗೋಡದಲ್ಲಿದ್ದ. ಚೀನಾದಿಂದ ತಪ್ಪಿಸಿಕೊಂಡು ಬಂದ ಟಿಬೆಟಿಯನ್ನರಿಗೆ 1966ರಲ್ಲಿ ಜಾಗ ಕೊಟ್ಟ ಊರು ಇದು. ಸಿದ್ದಿಗಳು, ಗೌಳಿಗಳು, ಲಂಬಾಣಿಗಳ ಮಕ್ಕಳ ಓದಿಗೆ ಯೇಸುಸಭೆಯ ಗುರುಗಳು ಲೊಯೋಲಾ ವಿಕಾಸ ಕೇಂದ್ರ ನಡೆಸುತ್ತಿರುವುದೂ ಇಲ್ಲೇ. ಬಸ್ಸಿನಲ್ಲಿ ಅವನ ಪಕ್ಕ ಕೂತ ಟಿಬೆಟಿಯನ್ ಯುವಕನ ಭುಜದ ಮೇಲೆ, ಕೂದಲಲ್ಲಿ ಬಿಳಿ ಹಿಟ್ಟು. ಹುರಿದ ಬಾರ್ಲಿಯ ಹಿಟ್ಟನ್ನು ಗಾಳಿಗೆ ತೂರಿ ಹೊಸ ವರ್ಷ ಬರಮಾಡಿಕೊಂಡಿದ್ದ. ಯುವಕ ಇವನ ಹಣೆ ನೋಡಿದ, ಇವನು ಯುವಕನ ಕೂದಲು ನೋಡಿದ. ಇಬ್ಬರೂ ಬೆಳಿಗ್ಗೆ ಸರಿಯಾಗಿ ಮುಖ ತೊಳೆಯದೆ ಬಂದವರಂತಿದ್ದರು. ಕಂಡಕ್ಟರ್ ಮಾತ್ರ ಇಬ್ಬರಿಗೂ ಚಿಲ್ಲರೆ ಕೊಡದೆ ಸಮಾನವಾಗಿ ನಡೆಸಿಕೊಂಡ.

ನಲವತ್ತು ದಿನ ಎನ್ನುತ್ತಾರೆ, ಕ್ಯಾಲೆಂಡರಿನಲ್ಲಿ ಎಣಿಸಿದರೆ ನಲವತ್ತಾರು. ಭಾನುವಾರಗಳು ಪುನರುತ್ಥಾನದ ದಿನವಾದ್ದರಿಂದ ಉಪವಾಸಕ್ಕಿಲ್ಲ. ಈ ಆರು ದಿನದ ರಿಯಾಯಿತಿ ಬಾಲ್ಯದಲ್ಲಿ ಅವನು ಮಾಡಿದ ಅತಿ ದೊಡ್ಡ ಗಣಿತದ ಶೋಧ. ಪೆಪ್ಪರಮಿಂಟು ಬಿಡುತ್ತೇನೆಂದು ಮಾಯ್ ಎದುರು ಪಣ ತೊಟ್ಟವನು ಭಾನುವಾರ ಆರು ದಿನದ ಬಾಕಿ ಒಟ್ಟಿಗೆ ತೀರಿಸುತ್ತಿದ್ದ. ದೊಡ್ಡವರು ಇದಕ್ಕಿಂತ ಕಡಿಮೆಯೇನಿರಲಿಲ್ಲ. ಸ್ಪೇನ್, ಪೋರ್ಚುಗಲ್ ರಾಜರ ಸೀಮೆಯಲ್ಲಿ ‘ಬುಲಾ ದ ಕ್ರುಜಾದಾ’ ಎಂಬ ಅನುಮತಿ ಚೀಟಿ ನಡೆಯುತ್ತಿತ್ತು. ಅಷ್ಟಿಷ್ಟು ಕಾಣಿಕೆ ಕೊಟ್ಟು ಅದನ್ನು ಪಡೆದವರಿಗೆ ವ್ರತದ ದಿನಗಳಲ್ಲೂ ಕೆಲವು ತಿನಿಸುಗಳಿಗೆ ರಿಯಾಯಿತಿ. ಹುಡುಗನ ಪೆಪ್ಪರಮಿಂಟಿಗೆ ಅಂಥ ಚೀಟಿ ಯಾರೂ ಕೊಡಲಿಲ್ಲ.

ಹಿಂದೆ ತಪಸ್ಸುಕಾಲದ ವಾರದ ದಿನಗಳೆಲ್ಲ ಉಪವಾಸವೇ ಆಗಿತ್ತು. 1966ರಲ್ಲಿ ಪೋಪ್ ಆರನೇ ಪೌಲ್ ನಿಯಮ ಸಡಿಲಿಸಿದರು. ಈಗ ಕಡ್ಡಾಯ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅಂದೂ ಒಂದು ಪೂರ್ತಿ ಊಟ, ಜೊತೆಗೆ ಎರಡು ಸಣ್ಣ ಫಲಾಹಾರ ನಡೆಯುತ್ತದೆ. ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬುವವರೆಗೆ ಮಾತ್ರ ಈ ಕಟ್ಟು. ಅವನ ತಾಯಿಗೆ ಈಗ ಎಂಬತ್ತೆರಡು. ನಿನಗೆ ವಿನಾಯಿತಿ ಸಿಕ್ಕಿ ಇಪ್ಪತ್ತಮೂರು ವರ್ಷವಾಯಿತು ಎಂದು ಅವನು ನಿಯಮ ಓದಿ ಹೇಳಿದರೆ, “ಅದೆಲ್ಲ ಮುದುಕರಿಗೆ” ಎನ್ನುತ್ತಾಳೆ. ಶುಭ ಶುಕ್ರವಾರ ಅವಳದು ಉಪ್ಪು ಹಾಕಿದ ಗಂಜಿ, ಮಾವಿನಮಿಡಿಯ ಉಪ್ಪಿನಕಾಯಿ. ಆ ಒಂದು ದಿನ ಬಂಗುಡೆಯೂ ಇಲ್ಲ.

ಕ್ವಾರ್ಟರ್ಸಿನ ಸಾಲಿನಲ್ಲಿ ಕೇರಳದವರೂ ಇದ್ದರು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ದಾಂಡೇಲಿಗೆ ಬಾರದ ಜಾತಿಯಿಲ್ಲ, ಭಾಷೆಯಿಲ್ಲ. ಮಲಯಾಳಿ ಮನೆಯ ಚೇಚಿ ಶುಭ ಶುಕ್ರವಾರ ಹಾಗಲಕಾಯಿಯ ರಸ ಹಿಂಡಿ ಎಲ್ಲರ ಕೈಗೂ ಒಂದೊಂದು ಚಮಚ ಹಾಕುತ್ತಿದ್ದಳು. ಯೇಸುವಿಗೆ ಶಿಲುಬೆಯ ಮೇಲೆ ಕೊಟ್ಟ ಕಹಿಯ ನೆನಪಿಗೆ. ಪಕ್ಕದ ಮನೆಯ ಧಾರವಾಡದ ಅಜ್ಜನೂ ಒಂದು ಚಮಚ ಕುಡಿದು, ಸಕ್ಕರೆ ಕಾಯಿಲೆಗೆ ಒಳ್ಳೇದು ಎಂದು ಇನ್ನೊಂದು ಕೇಳಿದ್ದರು.

ಅಪ್ಪನದು ಮಿಲ್ಲಿನಲ್ಲಿ ಪಾಳಿ ಕೆಲಸ. ಶುಕ್ರವಾರ ಸಂಜೆಯ ಶಿಲುಬೆ ಹಾದಿಗೂ ಪಾಳಿ ಬದಲಾಗುವ ಸೈರನ್ನಿಗೂ ಎಂದೂ ಹೊಂದಾಣಿಕೆ ಆಗಲಿಲ್ಲ. ಹದಿನಾಲ್ಕು ಸ್ಥಳಗಳ ಈ ಪ್ರಾರ್ಥನೆಯಲ್ಲಿ ಅಪ್ಪ ಸಾಮಾನ್ಯವಾಗಿ ಏಳನೆಯದರ ಹೊತ್ತಿಗೆ ಬಂದು ಸೇರುತ್ತಿದ್ದ, ಯೇಸು ಎರಡನೇ ಸಲ ಬೀಳುವಲ್ಲಿ. ಮೈಯಿಂದ ಮಿಲ್ಲಿನ ಹುಳಿ ವಾಸನೆ ಹೊಡೆಯುತ್ತಿತ್ತು. ಮೊದಲ ಆರು ಸ್ಥಳಗಳನ್ನು ನಾನು ಮಿಲ್ಲಿನಲ್ಲೇ ಮುಗಿಸಿ ಬಂದೆ ಎನ್ನುತ್ತಿದ್ದ. ತಮಾಷೆಗೆ ಹೇಳುತ್ತಿದ್ದನೋ ನಿಜಕ್ಕೋ ಎಂದು ಮಗ ಕೇಳಲಿಲ್ಲ, ಈಗ ಕೇಳಲಿಕ್ಕೆ ಅಪ್ಪನಿಲ್ಲ.

ಪ್ರಾರ್ಥನೆ, ಉಪವಾಸ, ದಾನ. ತಪಸ್ಸುಕಾಲದ ಒಲೆಗೆ ಇವು ಮೂರು ಕಲ್ಲು. ಮೊದಲೆರಡಕ್ಕೆ ಲೆಕ್ಕವಿದೆ: ಇಷ್ಟು ಸ್ಥಳ, ಇಷ್ಟು ಜಪಮಾಲೆ, ಇಷ್ಟು ಹೊತ್ತು ಹಸಿವು. ಮೂರನೆಯದೇ ತಕರಾರಿನದು. ಚರ್ಚಿನಲ್ಲಿ ಮನೆಗೊಂದು ಲಕೋಟೆ ಕೊಡುತ್ತಿದ್ದರು. ಬಿಟ್ಟ ಊಟದ ದುಡ್ಡನ್ನು ಅದರಲ್ಲಿ ಹಾಕಿ ಕೊನೆಗೆ ಮರಳಿಸಬೇಕು. ಇವತ್ತಿಗೂ ಹಸಿವು ಮತ್ತು ರೋಗದ ವಿರುದ್ಧ ಎಂದು ಕಾರಿತಾಸ್ ಇಂಡಿಯಾ ದೇಶದ ಚರ್ಚುಗಳಲ್ಲಿ ಈ ಕಾಲದಲ್ಲೇ ನಿಧಿ ಕೂಡಿಸುತ್ತದೆ. ಕಾಗದದ ಊರಿನ ಆ ಲಕೋಟೆ ಗಟ್ಟಿಮುಟ್ಟಾಗಿತ್ತು, ಒಳಗಿನ ದುಡ್ಡು ಮಾತ್ರ ಅಷ್ಟಕ್ಕಷ್ಟೇ. ಕೋಳಿ ಬಿಟ್ಟು ಬಂಗುಡೆ ತಂದರೆ ಉಳಿತಾಯ ಎಲ್ಲಿಂದ ಬರಬೇಕು? ಹಾಗಾಗಿ ಮಾಯ್ ಬೇರೆ ದಾರಿ ಹುಡುಕಿದ್ದಳು. ದಿನಾ ಅನ್ನಕ್ಕಿಡುವ ಅಕ್ಕಿಯಿಂದ ಒಂದು ಮುಷ್ಟಿ ತೆಗೆದು ಡಬ್ಬಿಗೆ ಹಾಕುವಳು, ಹಳೇ ಸೀರೆಗಳನ್ನು ಒಗೆದು ಮಡಿಸಿ ಗಂಟು ಕಟ್ಟುವಳು. ಗಂಟು ಹಳಿಯಾಳದ ಕಡೆ ಹೋಗುತ್ತದೆ, ಸಿದ್ದಿಗಳ ಕೇರಿಗೆ ಎಂದು ಮನೆಯಲ್ಲಿ ಮಾತು.

2026ರ ಅದೇ ತಪಸ್ಸುಕಾಲದ ಒಂದು ಶುಕ್ರವಾರ ಅವನು ಅಂಥ ಒಂದು ಕೇರಿಗೆ ಹೋದ. ಪೋರ್ಚುಗೀಸರ, ಅರಬರ ಹಡಗುಗಳಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿ ಸಿದ್ದಿಗಳದು. ಗೋವಾದಿಂದ ತಪ್ಪಿಸಿಕೊಂಡು ಈ ಕಾಡು ಹೊಕ್ಕವರೂ ಅವರಲ್ಲಿದ್ದರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಯಲ್ಲಾಪುರದ ಕಡೆ ಹೆಚ್ಚಿನವರು ಹಿಂದೂಗಳು, ಹಳಿಯಾಳದ ಕಡೆ ಕ್ರೈಸ್ತರೂ ಮುಸ್ಲಿಮರೂ. ಹಾಗಾಗಿ ಅಂಥ ವರ್ಷಗಳಲ್ಲಿ, ರಮ್ಜಾನ್ ಮತ್ತು ತಪಸ್ಸುಕಾಲ ಜೊತೆಯಾಗಿ ಬಂದಾಗ, ಒಂದೇ ಬಾವಿಯ ನೀರು ಸೇದುವ ಎರಡು ಮನೆಗಳಲ್ಲಿ ಎರಡು ನಮೂನೆಯ ಉಪವಾಸ ಒಟ್ಟಿಗೆ ನಡೆಯುತ್ತದೆ.

ಅಂಗಳದಲ್ಲಿ ಒಬ್ಬ ಅಜ್ಜಿ ಕೌದಿ ಹೊಲಿಯುತ್ತಿದ್ದಳು. ಅಡಿಗೆ ಒಂದು ಸೀರೆ ಹಾಸಿ, ಅದರ ಮೇಲೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ತರುವುದು ಸಿದ್ದಿ ಹೆಂಗಸರ ಪದ್ಧತಿ. ಅಕ್ಕಿಕಾಳಿನಷ್ಟು ಉದ್ದದ ಬಿಳಿ ಹೊಲಿಗೆಗಳು ಸಾಲಾಗಿ ಗದ್ದೆಯ ನೇಗಿಲಗೆರೆಯಂತೆ ಹೋಗುತ್ತವೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣುವುದುಂಟು. ಮುಗಿಸುವಾಗ ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯನ್ನು ಪದರ ಪದರ ಮಡಿಸಿ ಫೂಲ್ ಇಡಬೇಕು, ಇಲ್ಲದಿದ್ದರೆ ಕೌದಿ ಬರಿಮೈಯಲ್ಲಿ ಇದ್ದಂತೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬೆನ್ನು ಹತ್ತಿ ಬರೆದ ಮೇಲೆ ಈ ಕೌದಿಗಳು ನ್ಯೂಯಾರ್ಕಿನ ಗೋಡೆಯವರೆಗೂ ಹೋಗಿವೆ.

ಅಜ್ಜಿಯ ಕೈಕೆಳಗಿನ ಒಂದು ತುಂಡಿನ ಮೇಲೆ ಅವನ ಕಣ್ಣು ನಿಂತಿತು. ನೀಲಿ ನೆಲ, ಹಳದಿ ಹೂವು. ಅವನ ಮೊದಲ ಪರಮಪ್ರಸಾದದ ದಿನ ಮಾಯ್ ಉಟ್ಟ ಸೀರೆ! ಗಂಟಲು ಕಟ್ಟಿತು. ನಮ್ಮನೆಯ ದಾನ ಇಲ್ಲಿ ಎಷ್ಟು ಚಂದದ ರೂಪ ತಳೆದಿದೆ ಎಂದು ಒಳಗೊಳಗೇ ಸ್ವಲ್ಪ ಬೀಗಿಕೊಂಡ ಕೂಡ. ಅಜ್ಜಿಗೆ ಹೇಳಿದರೆ ಅವಳು ನಕ್ಕು, “ಇರಬಹುದು ತಮ್ಮಾ, ಬಟ್ಟೆ ಎಲ್ಲಿಂದೆಲ್ಲ ಬರ್ತದೆ” ಎಂದಳು. ಕೌದಿ ಮಾರುತ್ತೀರಾ ಎಂದ. ಮೊಮ್ಮಗಳ ಬಾಣಂತನಕ್ಕೆ ಇಟ್ಟದ್ದು, ಮಾರುವುದಿಲ್ಲ. ಫೋಟೋ ಬೇಕಾದರೆ ತೆಗೆದುಕೋ. ಹೊರಡುವಾಗ ಜೋಯಿಡಾದ ನೆಂಟರು ತಂದುಕೊಟ್ಟದ್ದು ಎಂದು ಒಂದು ಚೀಲ ಗೆಡ್ಡೆಗೆಣಸು ಕೈಗಿಟ್ಟಳು. ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗಳ ರುಚಿ ಬಲ್ಲವರು ಬೇಡ ಎನ್ನುವುದಿಲ್ಲ. ಅವನು ಜೇಬಿಗೆ ಕೈಹಾಕಿದ. ಲಕೋಟೆ ಸಿಕ್ಕಿತು. ಅಜ್ಜಿ ಅವನ ಕೈಯನ್ನು ಜೇಬಿನ ಸಮೇತ ಒತ್ತಿ ಹಿಡಿದು, “ಬಸ್ಸು ತಪ್ಪತದೆ, ನಡಿ” ಎಂದಳು.

ಸಂಜೆ ದಾಂಡೇಲಿಯಲ್ಲಿ ಮಾಯ್ ಕನ್ನಡಕ ಏರಿಸಿ ಮೊಬೈಲಿನ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

“ಇದು ನನ್ನ ಸೀರೆ ಅಲ್ಲ. ನನ್ನದರ ಹೂವು ಇದಕ್ಕಿಂತ ದೊಡ್ಡದು.”

“ಗಂಟಿನಲ್ಲಿ ಕೊಟ್ಟಿದ್ದೆಯಲ್ಲ ಮಾಯ್?”

“ಆ ಸೀರೆಯಾ? ಅದನ್ನ ಯಾರು ಕೊಡ್ತಾರೆ! ಟ್ರಂಕಿನಲ್ಲಿದೆ, ನುಸಿಗುಳಿಗೆ ಹಾಕಿ ಇಟ್ಟಿದ್ದೇನೆ.” ಮಾಯ್ ಫೋನು ವಾಪಸ್ ಕೊಟ್ಟಳು. ಚೀಲದ ಬಾಯಿ ಬಿಚ್ಚಿ ಒಂದು ಗೆಡ್ಡೆ ಎತ್ತಿ ಮೂಸಿ, ಮಣ್ಣು ತೊಳೆಯಲಿಕ್ಕೆ ಬಚ್ಚಲಿಗೆ ಒಯ್ದಳು.